ಮೊದಲ ಜಾಯ್‌ಸ್ಟಿಕ್: ಬಟನ್ ಎಣಿಸಬೇಡಿ, ನಡು ನೋಡಿ

ಪ್ರಶ್ನೆ: ನನ್ನ ಮಗನಿಗೆ 14 ವರ್ಷ. ಎಂಟು ತಿಂಗಳಿಂದ ಮನೆಯ ಪಿಸಿಯಲ್ಲಿ ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ ಆಡುತ್ತಿದ್ದಾನೆ, ಅದೂ ಕೀಬೋರ್ಡಿನಲ್ಲೇ. ಜಾಸ್ತಿ ಹಾರಿಸುವುದು ಸೆಸ್ನಾ, ಆಗಾಗ ಏರ್‌ಬಸ್. ಈಗ ಜಾಯ್‌ಸ್ಟಿಕ್ ಬೇಕು ಅಂತಿದ್ದಾನೆ. ಅಂಗಡಿಯವರು ಥ್ರಾಟಲ್ (ಎಂಜಿನ್ ಶಕ್ತಿ ಏರಿಸಿ ಇಳಿಸುವ ಹಿಡಿ) ಸಮೇತ ದೊಡ್ಡ ಸೆಟ್ ತಗೊಳ್ಳಿ ಅಂತಾರೆ. ನನ್ನ ಭಾವಮೈದ ಸ್ಟೀರಿಂಗ್‌ನಂಥ ಯೋಕ್ ತಗೊಳ್ಳಿ, ನಿಜವಾದ ವಿಮಾನದ ಹಾಗೇ ಇರುತ್ತೆ ಅಂತಾನೆ. ಮಗ ಬರೆಯುವುದು ಎಡಗೈಲಿ, ಮೌಸ್ ಹಿಡಿಯುವುದು ಬಲಗೈಲಿ. ಯಾವುದು ತಗೊಳ್ಳಲಿ? ಸೆಕೆಂಡ್ ಹ್ಯಾಂಡ್ ಆಗುತ್ತಾ? ಮುಂದೆ ಪೈಲಟ್ ಆಗಬೇಕು ಅಂತಾನೆ, ಅದಕ್ಕೆ ಇದರಿಂದ ಏನಾದರೂ ಉಪಯೋಗ ಇದೆಯಾ? (ದಾವಣಗೆರೆಯ ಓದುಗರೊಬ್ಬರು)

ಉತ್ತರ: ನಿಮ್ಮ ಮಗ ಎಂಟು ತಿಂಗಳು ಕೀಬೋರ್ಡಿನಲ್ಲಿ ಸೆಸ್ನಾ ಹಾರಿಸಿದ್ದಾನೆ ಅಂದರೆ ಅವನ ಆಸಕ್ತಿ ನಿಜವಾದದ್ದು. ಕೀಬೋರ್ಡಿನಲ್ಲಿ ವಿಮಾನ ಹಾರಿಸುವುದು ಬಹಳ ಕಷ್ಟ. ಕೀ ಅಂದರೆ ಲೈಟಿನ ಸ್ವಿಚ್ ಇದ್ದ ಹಾಗೆ, ಒತ್ತಿದರೆ ಉಂಟು, ಬಿಟ್ಟರೆ ಇಲ್ಲ. ವಿಮಾನಕ್ಕೆ ಬೇಕಾದದ್ದು ನಲ್ಲಿ. ಒಂದು ಹನಿ ಬೇಕೆಂದರೆ ಒಂದು ಹನಿ, ಧಾರೆ ಬೇಕೆಂದರೆ ಧಾರೆ. ಜಾಯ್‌ಸ್ಟಿಕ್ ಆ ನಲ್ಲಿ. ಹಾಗಾಗಿ ಕೊಡಿಸಿ, ತಡ ಮಾಡಬೇಡಿ.

ಆದರೆ ದೊಡ್ಡ ಸೆಟ್ ಬೇಡ, ಯೋಕ್ ಕೂಡ ಈಗ ಬೇಡ. ಒಂದೇ ಒಂದು ಒಳ್ಳೆಯ ಸ್ಟಿಕ್ ಸಾಕು. ಅದರ ಹಿಡಿ ಎಡಕ್ಕೆ ಬಲಕ್ಕೆ ತಿರುಚುವಂತಿರಲಿ, ಎಡಗೈಗೆ ಹೊಂದುವಂತಿರಲಿ. ಮುಖ್ಯವಾಗಿ ಅದರ ನಡು ಚೆನ್ನಾಗಿರಲಿ. ನಡು ಅಂದರೆ ಏನು, ಅದಕ್ಕೆ ಯಾಕೆ ಇಷ್ಟು ಬೆಲೆ ಅನ್ನುವುದನ್ನು ಮೊದಲು ಹೇಳುತ್ತೇನೆ. ಅದು ಗೊತ್ತಾದರೆ ಯಾವ ಅಂಗಡಿಗೆ ಹೋದರೂ ನೀವೇ ಆರಿಸಬಲ್ಲಿರಿ.

ಮಂಗಳೂರಿನ ಬಜ್ಪೆಯಲ್ಲಿ ಸೆಸ್ನಾ 172 ಇಳಿಸುವುದನ್ನು ನೆನೆಸಿಕೊಳ್ಳಿ. ಅದು ಗುಡ್ಡದ ತಲೆಯ ಮೇಲಿನ ವಿಮಾನ ನಿಲ್ದಾಣ. ದೊಡ್ಡ ರನ್‌ವೇ 2,450 ಮೀಟರ್ ಉದ್ದ ಇದೆ, ಅದು ಮುಗಿದ ಕಡೆ ನೆಲ ಕೆಳಗೆ ಜಾರುತ್ತದೆ. ಫ್ಲ್ಯಾಪ್ ಅಂದರೆ ರೆಕ್ಕೆಯ ಹಿಂದಂಚಿನ ಹಲಗೆ ಇಳಿಸಿ, 65 ನಾಟ್ ವೇಗದಲ್ಲಿ ಬರುತ್ತಿದ್ದೀರಿ. ಗಾಳಿ ಸ್ವಲ್ಪ ಅಡ್ಡ ಬೀಸುತ್ತಿದೆ. ಎಡ ರೆಕ್ಕೆ ಒಂಚೂರು ಏಳುತ್ತದೆ, ನೀವು ಒಂಚೂರು ಇಳಿಸುತ್ತೀರಿ. ಮೂಗು ಕೂದಲೆಳೆಯಷ್ಟು ಕೆಳಗೆ ಹೋಗುತ್ತದೆ, ಕೂದಲೆಳೆಯಷ್ಟು ಎತ್ತುತ್ತೀರಿ. ಕೊನೆಯ ಎರಡು ನಿಮಿಷ ಇದೇ ಕೆಲಸ.

ಒಮ್ಮೆ ನಾನು ಇಂಥ ಲ್ಯಾಂಡಿಂಗ್ ಮಾಡುತ್ತಾ ಪಕ್ಕದ ಪರದೆಯಲ್ಲಿ ಸ್ಟಿಕ್ ಎಲ್ಲೆಲ್ಲಿ ಹೋಗುತ್ತದೆ ಅಂತ ತೋರಿಸುವ ಕಿಟಕಿ ತೆರೆದಿಟ್ಟಿದ್ದೆ. ಅಂಗೈಯಗಲದ ಒಂದು ಚೌಕ, ಅದರಲ್ಲಿ ಒಂದು ಚುಕ್ಕಿ. ಚುಕ್ಕಿ ಹೊರಗಿನ ಗೆರೆಯ ಹತ್ತಿರಕ್ಕೂ ಹೋಗಲಿಲ್ಲ. ಶುರುವಿನಿಂದ ಚಕ್ರ ನೆಲ ಮುಟ್ಟುವವರೆಗೂ ಚೌಕದ ನಡುವೆ, ಒಂದು ರೂಪಾಯಿ ನಾಣ್ಯದಷ್ಟು ಜಾಗದಲ್ಲೇ ನಡುಗುತ್ತಾ ಇತ್ತು. ಕೊನೆಯಲ್ಲಿ ಮೂಗು ಎತ್ತುವಾಗ ಮಾತ್ರ ಸ್ವಲ್ಪ ಹಿಂದೆ ಬಂತು. ನಾವು ಹಾರಿಸುವುದೆಲ್ಲ ಆ ನಾಣ್ಯದೊಳಗೇ.

ಆ ನಾಣ್ಯದಷ್ಟು ಜಾಗದಲ್ಲಿ ಸ್ಟಿಕ್ ಸರಿಯಾಗಿ ನಡೆದುಕೊಂಡರೆ ಅದು ಒಳ್ಳೆಯ ಸ್ಟಿಕ್. ಕೈಬಿಟ್ಟರೆ ಪ್ರತಿ ಸಲವೂ ಒಂದೇ ಜಾಗಕ್ಕೆ ಬಂದು ನಿಲ್ಲಬೇಕು. ನಿಂತಲ್ಲಿ ನಡುಗಬಾರದು. ನಡುವಿನಿಂದ ಹೊರಡುವಾಗ ಮೊದಲು ಅಂಟಿಕೊಂಡು ಆಮೇಲೆ ಜಿಗಿಯಬಾರದು. ಇಷ್ಟು ಇಲ್ಲದಿದ್ದರೆ ಮೂವತ್ತು ಬಟನ್ ಇದ್ದರೂ, ಬಣ್ಣ ಬಣ್ಣದ ದೀಪ ಉರಿದರೂ ಪ್ರಯೋಜನ ಇಲ್ಲ. ಹುಡುಗ ತನಗೆ ಲ್ಯಾಂಡಿಂಗ್ ಬರಲ್ಲ ಅಂದುಕೊಳ್ಳುತ್ತಾನೆ, ತಪ್ಪು ಸ್ಟಿಕ್‌ದಾಗಿರುತ್ತದೆ. ಇದನ್ನು ನೋಡಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ.

ನಡು ಕೆಡುವುದು ಹೇಗೆ? ಹಳೇ ರೇಡಿಯೋದ ವಾಲ್ಯೂಮ್ ತಿರುಗಿಸಿದಾಗ ಕರ ಕರ ಅನ್ನುತ್ತಿತ್ತಲ್ಲ, ನೆನಪಿದೆಯಾ? ಅಗ್ಗದ ಜಾಯ್‌ಸ್ಟಿಕ್‌ಗಳ ಒಳಗೂ ಬಹಳ ಸಲ ಅದೇ ಸಾಮಾನು ಇರುತ್ತದೆ. ಅದರ ಹೆಸರು ಪೊಟೆನ್ಶಿಯೋಮೀಟರ್, ರಿಪೇರಿಯವರ ಬಾಯಲ್ಲಿ ಬರೀ ಪಾಟ್. ನಮ್ಮ ಬೀದಿಯ ಹುಡುಗನೊಬ್ಬ ಎರಡು ವರ್ಷ ಬಳಸಿದ ಸ್ಟಿಕ್ ತಂದಿದ್ದ. ವಿಮಾನ ತಾನೇ ಎಡಕ್ಕೆ ಹೊರಳುತ್ತೆ ಅಂಕಲ್ ಅಂದ. ಬಿಚ್ಚಿ ನೋಡಿದೆ. ಪಾಟ್ ಒಳಗೆ ಕುದುರೆ ಲಾಳದ ಆಕಾರದಲ್ಲಿ ಕಪ್ಪು ಇಂಗಾಲದ ಪಟ್ಟಿ, ಅದರ ಮೇಲೆ ಜಾರುವ ಒಂದು ಸಣ್ಣ ಲೋಹದ ನಾಲಿಗೆ. ಪಟ್ಟಿಯ ಎರಡೂ ತುದಿ ಹೊಸದರ ಹಾಗೆ ಕಪ್ಪಗಿತ್ತು. ನಟ್ಟನಡುವೆ ಮಾತ್ರ ಉಗುರಗಲ ಜಾಗ ಸವೆದು ಮಿರಿಮಿರಿ ಹೊಳೆಯುತ್ತಿತ್ತು. ಪಕ್ಕದಲ್ಲಿ ಕಪ್ಪು ಪುಡಿ. ಕೈ ಎಲ್ಲಿ ಜಾಸ್ತಿ ಆಡುತ್ತದೋ ಅಲ್ಲೇ ತಾನೇ ಸವೆಯುವುದು? ನಮಗೆ ಯಾವ ಜಾಗ ಹೆಚ್ಚು ಬೇಕೋ ಅದೇ ಮೊದಲು ಹೋಗುತ್ತದೆ. ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಹೊಡೆದು ಕೊಟ್ಟೆ. ಧೂಳು, ಪುಡಿ ಹೋಯಿತು, ನಡುಕ ಕಡಿಮೆಯಾಯಿತು. ಆದರೆ ಸವೆದ ಪಟ್ಟಿಯನ್ನು ಸ್ಪ್ರೇ ತುಂಬಿಕೊಡುವುದಿಲ್ಲ. ಕೆಲವು ತಿಂಗಳಲ್ಲಿ ಅವನು ಮತ್ತೆ ಬಂದ.

ಇದಕ್ಕೆ ಮದ್ದು ಹಾಲ್ ಸೆನ್ಸರ್. ಇದು ನಾವು ಕುಡಿಯುವ ಹಾಲಲ್ಲ, ಎಡ್ವಿನ್ ಹಾಲ್ ಅನ್ನುವ ಅಮೆರಿಕದ ವಿಜ್ಞಾನಿಯ ಹೆಸರು. 1879ರಲ್ಲಿ ಅವರು ಕಂಡುಕೊಂಡದ್ದು ಇದು: ವಿದ್ಯುತ್ ಹರಿಯುವ ತೆಳು ಲೋಹದ ಹಾಳೆಯ ಹತ್ತಿರ ಅಯಸ್ಕಾಂತ ಹಿಡಿದರೆ, ಹಾಳೆಯ ಎರಡು ಅಂಚುಗಳ ನಡುವೆ ಸಣ್ಣ ವೋಲ್ಟೇಜ್ ಹುಟ್ಟುತ್ತದೆ. ಅಯಸ್ಕಾಂತ ಸರಿದರೆ ವೋಲ್ಟೇಜ್ ಬದಲಾಗುತ್ತದೆ. ಸ್ಟಿಕ್ಕಿನ ಬುಡದಲ್ಲಿ ಒಂದು ಪುಟ್ಟ ಅಯಸ್ಕಾಂತ, ಅದರ ಎದುರು ಒಂದು ಚಿಪ್. ಒಂದಕ್ಕೊಂದು ಮುಟ್ಟುವುದೇ ಇಲ್ಲ. ಮುಟ್ಟದ ಮೇಲೆ ಸವೆಯುವ ಮಾತೆಲ್ಲಿ? ಹಾಗಾಗಿ ಪೆಟ್ಟಿಗೆಯ ಮೇಲೆ ಹಾಲ್ ಎಫೆಕ್ಟ್ ಅಥವಾ ಮ್ಯಾಗ್ನೆಟಿಕ್ ಸೆನ್ಸರ್ ಅಂತ ಇದೆಯಾ ನೋಡಿ. ಬೇರೆ ಏನನ್ನು ಬಿಟ್ಟರೂ ಇದನ್ನು ಬಿಡಬೇಡಿ.

ಒಂದು ಎಚ್ಚರಿಕೆ. ಸೆನ್ಸರ್ ಚೆನ್ನಾಗಿದ್ದ ಮಾತ್ರಕ್ಕೆ ನಡು ಚೆನ್ನಾಗಿರಲೇಬೇಕು ಅಂತಿಲ್ಲ. ಸ್ಟಿಕ್ಕನ್ನು ನಡುವಿಗೆ ಎಳೆದು ತರುವುದು ಸ್ಪ್ರಿಂಗ್. ಸ್ಪ್ರಿಂಗ್ ಸಡಿಲ ಇದ್ದರೆ, ಪ್ಲಾಸ್ಟಿಕ್ ಮೇಲೆ ಪ್ಲಾಸ್ಟಿಕ್ ಉಜ್ಜಿಕೊಳ್ಳುತ್ತಿದ್ದರೆ, ಹಾಲ್ ಸೆನ್ಸರ್ ಆ ತಪ್ಪನ್ನೇ ಚಾಚೂ ತಪ್ಪದೆ ಅಳೆದು ಕಳಿಸುತ್ತದೆ. ಅದಕ್ಕೇ ಕೈಯಲ್ಲಿ ಹಿಡಿದು ನೋಡಬೇಕು. ಹೇಗೆ ನೋಡುವುದು ಅಂತ ಮುಂದೆ ಹೇಳುತ್ತೇನೆ.

ಈಗ ಹೆಸರುಗಳಿಗೆ ಬರೋಣ. ನಿಮ್ಮ ಮಗನಿಗೆ ನಾನು ಹೇಳುವುದು ಥ್ರಸ್ಟ್‌ಮಾಸ್ಟರ್ ಕಂಪನಿಯ ಟಿ.16000ಎಂ. ಎಡ ಬಲ, ಹಿಂದೆ ಮುಂದೆ ಎರಡಕ್ಕೂ ಹಾಲ್ ಸೆನ್ಸರ್ ಇದೆ. ಒಂದೊಂದು ದಿಕ್ಕಿನಲ್ಲೂ 16 ಸಾವಿರಕ್ಕಿಂತ ಜಾಸ್ತಿ ಹೆಜ್ಜೆಗಳನ್ನು ಅಳೆಯುತ್ತದೆ. 16 ಬಟನ್ ಇವೆ, ಬುಡದಲ್ಲೇ ಒಂದು ಸಣ್ಣ ಥ್ರಾಟಲ್ ಇದೆ, ಹಿಡಿ ತಿರುಚಿದರೆ ರಡ್ಡರ್, ಅಂದರೆ ಮೂಗನ್ನು ಎಡಕ್ಕೆ ಬಲಕ್ಕೆ ತಿರುಗಿಸುವ ಬಾಲದ ಹಲಗೆ. ನಿಮಗೆ ಮುಖ್ಯವಾದ ಮಾತು ಇನ್ನೊಂದಿದೆ. ಹೆಬ್ಬೆರಳು ಮತ್ತು ಅಂಗೈ ಕೂರುವ ತುಂಡುಗಳನ್ನು ಬಿಚ್ಚಿ ಎಡಗೈಗೆ ಹೊಂದುವ ಹಾಗೆ ಬದಲಿಸಿಕೊಳ್ಳಬಹುದು. ಪೇಟೆಯಲ್ಲಿರುವ ಬಹಳಷ್ಟು ಸ್ಟಿಕ್‌ಗಳು ಬಲಗೈಗೆಂದೇ ಅಚ್ಚು ಹಾಕಿದವು. ಎಡಗೈಯಲ್ಲಿ ಹಿಡಿದರೆ ಅರ್ಧ ಗಂಟೆಗೆ ಮಣಿಕಟ್ಟು ನೋಯುತ್ತದೆ.

ಇದರ ಕೊರತೆಯನ್ನೂ ಹೇಳಿಬಿಡುತ್ತೇನೆ. ಹಾಲ್ ಸೆನ್ಸರ್ ಇರುವುದು ಆ ಎರಡು ದಿಕ್ಕಿಗೆ ಮಾತ್ರ. ಹಿಡಿ ತಿರುಚುವ ಕಡೆ ಇರುವುದು ಅದೇ ಹಳೇ ಪಾಟ್. ಜಾಸ್ತಿ ಬಳಸಿದರೆ ಮೊದಲು ನಡುಗಲು ಶುರುವಾಗುವುದು ಅಲ್ಲೇ. ಬುಡ ಹಗುರ, ಪ್ಲಾಸ್ಟಿಕ್ಕಿನದು. ಜೋರಾಗಿ ಎಳೆದರೆ ಮೇಜಿನ ಮೇಲೆ ಜಾರುತ್ತದೆ. ಅಡಿಗೆ ರಬ್ಬರ್ ಚಾಪೆಯ ತುಂಡು ಹಾಕಿದರೆ ಸಾಕು.

ಇದೇ ಕಂಪನಿ 2020ರಲ್ಲಿ ಏರ್‌ಬಸ್ ಹೆಸರಿನಲ್ಲಿ ಟಿಸಿಎ ಸೈಡ್‌ಸ್ಟಿಕ್ ಅಂತ ಇನ್ನೊಂದು ತಂದಿತು. ಅದೂ ಎರಡೂ ಕೈಗೆ ಹೊಂದುತ್ತದೆ, ತಳಹದಿಯೂ ಟಿ.16000ಎಂ ನದೇ. ಏರ್‌ಬಸ್ ಕಾಕ್‌ಪಿಟ್ಟಿನ ನೀಲಿ ಬೂದು ಬಣ್ಣ ನೋಡಿ ಹುಡುಗ ಕುಣಿದಾಡುತ್ತಾನೆ. ಎರಡರಲ್ಲಿ ಯಾವುದು ಆ ವಾರ ಕಡಿಮೆ ಬೆಲೆಗೆ ಸಿಗುತ್ತದೋ ಅದನ್ನು ತಗೊಳ್ಳಿ. ಈ ಸಾಮಾನುಗಳ ಬೆಲೆ ನಮ್ಮಲ್ಲಿ ತರಕಾರಿ ಬೆಲೆಯ ಹಾಗೆ ಏರಿಳಿಯುತ್ತದೆ, ನಾಲ್ಕು ಕಡೆ ವಿಚಾರಿಸಿ. ಬೆಂಗಳೂರಿಗೆ ಹೋಗುವ ಕೆಲಸ ಇದ್ದರೆ ಎಸ್.ಪಿ. ರೋಡಿನಲ್ಲೊಂದು ಸುತ್ತು ಹಾಕಿ. ಪೆಟ್ಟಿಗೆ ಬಿಚ್ಚಿ ಕೈಗೆ ಕೊಡುವ ಅಂಗಡಿ ಸಿಕ್ಕರೆ ಸ್ವಲ್ಪ ದುಡ್ಡು ಜಾಸ್ತಿಯಾದರೂ ಅಲ್ಲೇ ತಗೊಳ್ಳಿ.

ಬಲಗೈ ಮಕ್ಕಳಿಗೆ, ಕೈ ಬಿಗಿ ಇರುವಾಗ, ನಾನು ಲಾಜಿಟೆಕ್ ಎಕ್ಸ್‌ಟ್ರೀಮ್ 3ಡಿ ಪ್ರೋ ಹೇಳುತ್ತೇನೆ. 12 ಬಟನ್, ಥ್ರಾಟಲ್, ತಿರುಚುವ ಹಿಡಿ ಎಲ್ಲ ಇದೆ. ಎಷ್ಟೋ ಜನ ಅದರಲ್ಲೇ ಕಲಿತಿದ್ದಾರೆ. ಆದರೆ ಅದರ ಹಿಡಿ ಬಲಗೈಯ ಆಕಾರದ್ದು, ನಿಮ್ಮ ಮಗನಿಗೆ ಬೇಡ. ಇನ್ನು ವಿಕೆಬಿ ಕಂಪನಿಯ ಗ್ಲಾಡಿಯೇಟರ್ ಎನ್‌ಎಕ್ಸ್‌ಟಿ ಇವೊ. ತಿರುಚುವ ಕಡೆಯೂ ಮುಟ್ಟದ ಸೆನ್ಸರ್, ಸ್ಪ್ರಿಂಗ್ ಬದಲಿಸಿಕೊಳ್ಳಬಹುದು, ಎಡಗೈಗೆಂದೇ ಬೇರೆ ಮಾದರಿ ಇದೆ. ನಡುವಿನ ವಿಷಯದಲ್ಲಿ ಇವೆಲ್ಲಕ್ಕಿಂತ ಮೇಲು. ಹೊರದೇಶದಿಂದ ತರಿಸುವುದಾದರೆ ಸಾಗಣೆ, ಕಸ್ಟಮ್ಸ್ ಸುಂಕ ಎಲ್ಲ ಸೇರಿಸಿ ಲೆಕ್ಕ ಹಾಕಿ. ಮೊದಲ ಸ್ಟಿಕ್ಕಿಗೆ ಅಷ್ಟು ಬೇಕಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಎರಡನೆಯದಕ್ಕೆ ನೆನಪಿಟ್ಟುಕೊಳ್ಳಿ.

ನಿಮ್ಮ ಭಾವಮೈದ ಹೇಳಿದ್ದು ಸುಳ್ಳಲ್ಲ. ಸೆಸ್ನಾ 172ರಲ್ಲಿ ಇರುವುದು ಯೋಕ್, ಅಂದರೆ ಒಳಕ್ಕೆ ಹೊರಕ್ಕೆ ಜಾರುವ ಅರ್ಧ ಸ್ಟೀರಿಂಗ್. ಬೋಯಿಂಗ್ 737ರಲ್ಲೂ, ಹುಬ್ಬಳ್ಳಿಯಂಥ ಊರುಗಳಿಗೆ ಬರುವ ಎಟಿಆರ್‌ನಲ್ಲೂ ಯೋಕೇ. ಆದರೆ ಮನೆಗೆ ತರುವ ಬಹಳಷ್ಟು ಯೋಕ್‌ಗಳಲ್ಲಿ, ಹನಿಕೋಂಬ್ ಆಲ್ಫಾದಂಥ ಒಳ್ಳೆಯವುಗಳಲ್ಲೂ, ರಡ್ಡರ್‌ಗೆ ಜಾಗ ಇಲ್ಲ. ಅದಕ್ಕೆ ಕಾಲಿನ ಪೆಡಲ್ ಬೇರೆ ತರಬೇಕು. ಥ್ರಾಟಲ್ ಬೇರೆ. ಯೋಕನ್ನು ಮೇಜಿನ ಅಂಚಿಗೆ ಕ್ಲಾಂಪ್ ಹಾಕಿ ಬಿಗಿಯಬೇಕು, ಹೋಮ್‌ವರ್ಕ್ ಮಾಡುವಾಗ ಬಿಚ್ಚಬೇಕು. ಒಂದು ತಂದರೆ ಮೂರು ಬೇಕಾಗುತ್ತದೆ.

ಎ320 ಮತ್ತು ಅದರ ನಂತರದ ಏರ್‌ಬಸ್‌ಗಳಲ್ಲಂತೂ ಯೋಕೇ ಇಲ್ಲ. 1987ರ ಫೆಬ್ರವರಿಯಲ್ಲಿ ಎ320 ಮೊದಲ ಸಲ ಹಾರಿದಾಗಲೇ ಪೈಲಟ್ಟಿನ ಮುಂದಿನ ಯೋಕ್ ತೆಗೆದು, ಪಕ್ಕದಲ್ಲಿ ಒಂದು ಸಣ್ಣ ಸ್ಟಿಕ್ ಇಟ್ಟಿದ್ದರು. ಅದು ಸ್ಪ್ರಿಂಗ್ ಹಾಕಿದ ಸ್ಟಿಕ್. ಕೈಬಿಟ್ಟರೆ ನಡುವಿಗೆ ಬರುತ್ತದೆ. ರೆಕ್ಕೆಯ ಮೇಲೆ ಗಾಳಿ ಎಷ್ಟು ಒತ್ತುತ್ತಿದೆ ಅಂತ ಕೈಗೆ ತಿಳಿಸುವುದಿಲ್ಲ. ಕೈ ಹೇಳಿದ್ದನ್ನು ಕಂಪ್ಯೂಟರಿಗೆ ಮುಟ್ಟಿಸುತ್ತದೆ, ಅಷ್ಟೆ. ಯೋಚಿಸಿ ನೋಡಿ, ಇದು ನಮ್ಮ ಮನೆಯ ಜಾಯ್‌ಸ್ಟಿಕ್ಕಿನ ಕೆಲಸವೇ ಅಲ್ವಾ? ಸೆಸ್ನಾದ ಯೋಕನ್ನು ಅನುಕರಿಸುವ ಮನೆಯ ಯೋಕಿಗಿಂತ, ಎ320ರ ಸ್ಟಿಕ್ಕಿಗೆ ನಮ್ಮ ಸಾದಾ ಜಾಯ್‌ಸ್ಟಿಕ್ ಎಷ್ಟೋ ಹತ್ತಿರ. ಇನ್ನೊಂದು ವಿಷಯ ನಿಮ್ಮ ಮಗನಿಗೆ ಹೇಳಿ, ಖುಷಿಪಡುತ್ತಾನೆ. ಎ320ರಲ್ಲಿ ಕ್ಯಾಪ್ಟನ್ ಕೂರುವುದು ಎಡ ಸೀಟಿನಲ್ಲಿ. ಅವರ ಸ್ಟಿಕ್ ಇರುವುದು ಎಡಗಡೆ, ಹಿಡಿಯುವುದು ಎಡಗೈಯಲ್ಲಿ. ಬಲಗೈ ಥ್ರಾಟಲ್ ಮೇಲೆ. ಬರೆಯುವುದು ಬಲಗೈಯಾದರೂ ಕ್ಯಾಪ್ಟನ್ ಆದವರು ಎಡಗೈಯಲ್ಲಿ ಹಾರಿಸಲು ಕಲಿಯಲೇಬೇಕು. ಇವನಿಗೆ ಅದು ಹುಟ್ಟಿನಿಂದಲೇ ಬಂದಿದೆ. ಎಡಗೈಯಲ್ಲಿ ಸ್ಟಿಕ್, ಬಲಗೈಯಲ್ಲಿ ಮೌಸ್ ಹಿಡಿದು ಕಾಕ್‌ಪಿಟ್ಟಿನ ಗುಂಡಿಗಳನ್ನು ಒತ್ತುವುದು ಬಹಳ ಸಲೀಸು. ಎಷ್ಟೋ ಬಲಗೈಯವರು ಇದಕ್ಕಾಗಿಯೇ ಎಡಗೈ ಅಭ್ಯಾಸ ಮಾಡಿಕೊಳ್ಳುತ್ತಾರೆ.

ಅಂಗಡಿಯವರು ಹೇಳಿದ ದೊಡ್ಡ ಸೆಟ್ಟಿಗೆ ಹೋಟಾಸ್ ಅನ್ನುತ್ತಾರೆ. ಒಂದು ಕೈ ಸ್ಟಿಕ್ ಮೇಲೆ, ಇನ್ನೊಂದು ಥ್ರಾಟಲ್ ಮೇಲೆ, ಕೈ ಎತ್ತದೆ ಎಲ್ಲ ಕೆಲಸ ಬೆರಳಲ್ಲೇ ಆಗಬೇಕು ಅನ್ನುವುದು ಅದರ ಅರ್ಥ. ಇದು ಯುದ್ಧ ವಿಮಾನದ ಏರ್ಪಾಡು, ನಮ್ಮ ತೇಜಸ್‌ನಲ್ಲೂ ಹೀಗೇ ಇದೆ. ಮಗ ಮುಂದೆ ಡಿಸಿಎಸ್‌ನಂಥ ಯುದ್ಧ ವಿಮಾನದ ಆಟಕ್ಕೆ ಹೊರಳಿದರೆ ಆಗ ಥ್ರಾಟಲ್ ಮಾತ್ರ ಬೇರೆ ಕೊಳ್ಳಬಹುದು. ಈಗ ಅದೇ ದುಡ್ಡಿಗೆ ಸಿಗುವ ಸೆಟ್‌ಗಳಲ್ಲಿ ಥ್ರಾಟಲ್ ಸೇರಿಸಿದ ಖರ್ಚನ್ನು ಸ್ಟಿಕ್ಕಿನಲ್ಲಿ ಉಳಿಸಿರುತ್ತಾರೆ. ಉಳಿಸಿದ್ದು ಎಲ್ಲಿ ಅಂತ ನಾನು ಮತ್ತೆ ಹೇಳಬೇಕಿಲ್ಲ. ಮನೆಯಲ್ಲಿ ಗೇಮ್‌ಪ್ಯಾಡ್ ಇದ್ದರೆ ಸ್ಟಿಕ್ ಬರುವವರೆಗೆ ಅದನ್ನೇ ಬಳಸಲಿ, ಕೀಬೋರ್ಡಿಗಿಂತ ಮೇಲು. ಆದರೆ ಹೆಬ್ಬೆರಳಿನ ಆ ಗುಂಡಿ ಆಡುವುದೇ ಇಷ್ಟೇ ಇಷ್ಟು. ನಾಣ್ಯದಷ್ಟು ಜಾಗ ಅಂದೆನಲ್ಲ, ಅದು ಅಲ್ಲಿ ಸಾಸಿವೆ ಕಾಳಾಗಿಬಿಡುತ್ತದೆ.

ಸೆಕೆಂಡ್ ಹ್ಯಾಂಡ್ ಕೇಳಿದ್ದೀರಿ. ಬೇಡ ಅನ್ನುತ್ತೇನೆ, ನೀವೇ ಕೈಯಲ್ಲಿ ಹಿಡಿದು ಪಿಸಿಗೆ ಹಾಕಿ ನೋಡುವ ಅವಕಾಶ ಇದ್ದರೆ ಮಾತ್ರ ಬೇರೆ ಮಾತು. ನನ್ನ ಮೊದಲ ಸ್ಟಿಕ್ ಹಳೇ ಸಾಮಾನಿನ ಅಂಗಡಿಯಿಂದ ತಂದದ್ದು. ಮನೆಗೆ ಬಂದು ನೋಡಿದರೆ ತಂತಿಯ ತುದಿಯಲ್ಲಿ ಯುಎಸ್‌ಬಿ ಇಲ್ಲ, 15 ಪಿನ್ನಿನ ಅಗಲದ ಪ್ಲಗ್ ಇದೆ. ಹಿಂದೆ ಸೌಂಡ್ ಕಾರ್ಡ್‌ಗಳಲ್ಲಿ ಗೇಮ್ ಪೋರ್ಟ್ ಅಂತ ಇರುತ್ತಿತ್ತು, ಅದಕ್ಕೆ ಹಾಕುವಂಥದ್ದು. ನನ್ನ ಕಂಪ್ಯೂಟರಿನಲ್ಲಿ ಅದು ಇರಲಿಲ್ಲ. ಅಂಗಡಿಯವನು ವಾಪಸ್ ತಗೊಳ್ಳಲಿಲ್ಲ. ತಿಂಗಳುಗಟ್ಟಲೆ ಕೂಡಿಸಿದ ದುಡ್ಡು ಅದು, ಇವತ್ತಿಗೂ ಬೇಸರ ಇದೆ. ಈಗಲೂ ಅಟ್ಟದಿಂದ ಇಳಿಸಿದ ಇಂಥ ಸ್ಟಿಕ್‌ಗಳು ಮಾರಾಟಕ್ಕೆ ಬರುತ್ತವೆ. ಪ್ಲಗ್ಗಿನ ಫೋಟೋ ಕೇಳದೆ ದುಡ್ಡು ಕಳಿಸಬೇಡಿ.

ಹೊಸದೇ ಬರಲಿ, ಹಳೇದೇ ಬರಲಿ, ಮೊದಲ ದಿನವೇ ಪರೀಕ್ಷೆ ಮಾಡಿ. ಆಟ ತೆರೆಯುವ ಮೊದಲೇ. ಆನ್‌ಲೈನ್‌ನಲ್ಲಿ ತರಿಸಿದರೆ ಪೆಟ್ಟಿಗೆ ಬಿಚ್ಚುವುದನ್ನು ಫೋನಿನಲ್ಲಿ ವಿಡಿಯೋ ಮಾಡಿಟ್ಟುಕೊಳ್ಳಿ, ವಾಪಸ್ ಮಾಡುವ ದಿನ ಮೀರಿಸಬೇಡಿ. ಪಿಸಿಯಲ್ಲಿ ವಿಂಡೋಸ್ ಕೀ ಜೊತೆ ಆರ್ ಒತ್ತಿ, ಬರುವ ಚೌಕದಲ್ಲಿ ಜೆ, ಓ, ವೈ, ಒಂದು ಚುಕ್ಕಿ, ಸಿ, ಪಿ, ಎಲ್ ಅಂತ ಇಂಗ್ಲಿಷಿನಲ್ಲಿ ಟೈಪ್ ಮಾಡಿ. ಸ್ಟಿಕ್ಕಿನ ಹೆಸರು ಬರುತ್ತದೆ. ಅದರ ಪ್ರಾಪರ್ಟೀಸ್ ತೆರೆದರೆ ಒಂದು ಚೌಕ, ಅದರೊಳಗೆ ಕೂಡುವ ಚಿಹ್ನೆ ಕಾಣುತ್ತದೆ. ಈಗ ಸ್ಟಿಕ್ಕನ್ನು ಎಡಕ್ಕೆ ಎಳೆದು, ಕೈಯಲ್ಲಿ ಹಿಡಿದುಕೊಂಡೇ ಮೆಲ್ಲಗೆ ನಡುವಿಗೆ ಬಿಡಿ. ಚಿಹ್ನೆ ಎಲ್ಲಿ ನಿಂತಿತು ನೋಡಿ. ಬಲಕ್ಕೆ ಎಳೆದು ಹಾಗೇ ಬಿಡಿ. ಮುಂದೆ, ಹಿಂದೆ. ನಾಲ್ಕೂ ಸಲ ಹೆಚ್ಚುಕಡಿಮೆ ಒಂದೇ ಜಾಗಕ್ಕೆ ಬರಬೇಕು. ಪಟ್ ಅಂತ ಕೈಬಿಟ್ಟರೆ ಯಾವ ಸ್ಟಿಕ್ ಆದರೂ ನಡುವಿಗೆ ಬಂದ ಹಾಗೆ ಕಾಣುತ್ತದೆ. ಮೆಲ್ಲಗೆ ಬಿಟ್ಟಾಗಲೇ ಅದರ ಗುಣ ತಿಳಿಯುವುದು. ಆಮೇಲೆ ಕೈ ತೆಗೆದು ಹತ್ತು ಸೆಕೆಂಡ್ ಸುಮ್ನೆ ನೋಡಿ. ಚಿಹ್ನೆ ತಾನೇ ನಡುಗಬಾರದು. ಕೊನೆಗೆ ಹಿಡಿಯನ್ನು ನಿಧಾನವಾಗಿ ತಿರುಚಿ, ಪಕ್ಕದ ಪಟ್ಟಿ ಜಿಗಿಯದೆ ಏರಿ ಇಳಿಯಬೇಕು. ಎರಡು ನಿಮಿಷದ ಕೆಲಸ. ಇದರಲ್ಲಿ ಫೇಲ್ ಆದರೆ ಸೆಟ್ಟಿಂಗ್‌ನಲ್ಲಿ ಸರಿ ಮಾಡಿಕೊಳ್ಳೋಣ ಅಂತ ಹೋಗಬೇಡಿ. ವಾಪಸ್ ಮಾಡಿ.

ಪಾಸಾದರೆ ಆಟದ ಸೆಟ್ಟಿಂಗಿಗೆ ಬನ್ನಿ. ಸ್ಟಿಕ್ ಇರುವ ಸಣ್ಣ ವಿಮಾನಗಳಲ್ಲಿ ಅದು ಉದ್ದ, ನಮ್ಮದು ಗೇಣುದ್ದ. ಕೈ ಒಂದೇ ಅಂಗುಲ ಸರಿದರೂ ಇಲ್ಲಿ ವಿಮಾನ ಜಾಸ್ತಿ ಹೊರಳುತ್ತದೆ. ಹಾಗಾಗಿ ನಡುವನ್ನು ಸ್ವಲ್ಪ ಮೆತ್ತಗೆ ಮಾಡಬೇಕು. ಮೈಕ್ರೋಸಾಫ್ಟ್ ಸಿಮ್ಯುಲೇಟರಿನಲ್ಲಿ ಸೆನ್ಸಿಟಿವಿಟಿ ಅಂತ ಇದೆ. ಎಡ ಬಲಕ್ಕೂ ಹಿಂದೆ ಮುಂದಕ್ಕೂ ಅದನ್ನು ಮೈನಸ್ 30ರ ಹತ್ತಿರ ಇಟ್ಟು ಶುರು ಮಾಡಿ. ಗೆರೆ ನಡುವಿನಲ್ಲಿ ಚಪ್ಪಟೆಯಾಗಿ, ತುದಿಯಲ್ಲಿ ಕಡಿದಾಗುತ್ತದೆ. ಪಕ್ಕದಲ್ಲೇ ಡೆಡ್‌ಜೋನ್ ಇರುತ್ತದೆ. ನಡುವಿನ ಇಷ್ಟು ಜಾಗದಲ್ಲಿ ಸ್ಟಿಕ್ ಅಲ್ಲಾಡಿದರೂ ಲೆಕ್ಕಕ್ಕೆ ತಗೋಬೇಡ ಅಂತ ಆಟಕ್ಕೆ ಹೇಳುವುದು ಅದು. ಎರಡು ಮೂರು ಪರ್ಸೆಂಟ್ ಸಾಕು. ಸ್ಟಿಕ್ ನಡುಗುತ್ತೆ ಅಂತ ಹದಿನೈದಕ್ಕೆ ಏರಿಸಿದವರನ್ನು ನೋಡಿದ್ದೇನೆ. ಲ್ಯಾಂಡಿಂಗ್‌ಗೆ ಬೇಕಾದ ಆ ನಾಣ್ಯವನ್ನೇ ಕತ್ತರಿಸಿ ಎಸೆದ ಹಾಗಾಯಿತು. ತಿರುಚುವ ಹಿಡಿಗೆ ಮಾತ್ರ ಎಂಟು ಹತ್ತು ಇಡಬಹುದು. ಇಲ್ಲದಿದ್ದರೆ ಸ್ಟಿಕ್ ಪಕ್ಕಕ್ಕೆ ಎಳೆಯುವಾಗ ಗೊತ್ತಿಲ್ಲದೆ ರಡ್ಡರ್ ಕೂಡ ತಿರುಗಿಬಿಡುತ್ತದೆ.

ರಡ್ಡರನ್ನು ಆಟವೇ ನೋಡಿಕೊಳ್ಳುವ ಒಂದು ಸಹಾಯ ಸೆಟ್ಟಿಂಗ್‌ನಲ್ಲಿ ಇರುತ್ತದೆ, ಆಫ್ ಮಾಡಿಸಿ. ಸೆಸ್ನಾದಲ್ಲಿ ಪೂರ್ತಿ ಥ್ರಾಟಲ್ ಕೊಟ್ಟ ಕೂಡಲೇ ಮೂಗು ಎಡಕ್ಕೆ ಎಳೆಯುತ್ತದೆ, ಪ್ರೊಪೆಲ್ಲರ್ ಸುತ್ತುವುದರಿಂದ. ಬಲ ರಡ್ಡರ್ ಒತ್ತಿ ಗೆರೆಯ ಮೇಲೆ ಇಟ್ಟುಕೊಳ್ಳಬೇಕು. ಇಷ್ಟು ದಿನ ಇದನ್ನು ಅವನಿಗೆ ಗೊತ್ತಾಗದ ಹಾಗೆ ಕಂಪ್ಯೂಟರ್ ಮಾಡುತ್ತಿದ್ದಿರಬಹುದು. ಮೊದಲ ದಿನ ರನ್‌ವೇ ಬಿಟ್ಟು ಹುಲ್ಲಿಗೆ ಹೋಗುತ್ತಾನೆ, ಬೈಯಬೇಡಿ. ಮೂರನೇ ದಿನ ಸರಿಹೋಗುತ್ತದೆ.

ಟ್ರಿಮ್ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಮೊದಲ ಸ್ಟಿಕ್ ತಂದವರು ಎಡವುವುದು ಇಲ್ಲೇ. ಮೇಲೇರಿ ಸಮವಾಗಿ ಹಾರುವಾಗ ವಿಮಾನದ ಮೂಗು ಮೇಲಕ್ಕೋ ಕೆಳಕ್ಕೋ ಎಳೆಯುತ್ತಲೇ ಇರುತ್ತದೆ. ಕೈಯಲ್ಲಿ ಅದನ್ನು ಹಿಡಿದುಕೊಂಡೇ ಕೂತರೆ ಅರ್ಧ ಗಂಟೆಗೆ ಕೈ ಸೋಲುತ್ತದೆ. ಆ ಎಳೆತವನ್ನು ತೆಗೆಯಲು ಸೆಸ್ನಾದಲ್ಲಿ ಮೊಣಕಾಲ ಹತ್ತಿರ ಒಂದು ಚಕ್ರ ಇದೆ, ಅದೇ ಟ್ರಿಮ್. ನಮ್ಮ ಸ್ಟಿಕ್ಕಿನಲ್ಲಿ ಒಂದು ತೊಡಕಿದೆ. ನಿಜವಾದ ಸೆಸ್ನಾದಲ್ಲಿ ಟ್ರಿಮ್ ಮಾಡಿದರೆ ಯೋಕ್ ತಾನಿದ್ದ ಜಾಗದಲ್ಲೇ ಹಗುರಾಗುತ್ತದೆ. ಇಲ್ಲಿ ಸ್ಪ್ರಿಂಗ್ ಯಾವಾಗಲೂ ನಡುವಿಗೇ ಎಳೆಯುತ್ತದೆ. ಆದ್ದರಿಂದ ಹೀಗೆ ಮಾಡಬೇಕು: ಮೂಗನ್ನು ಬೇಕಾದಲ್ಲಿ ಹಿಡಿದುಕೊಂಡು ಟ್ರಿಮ್ ಬಟನನ್ನು ಚೂರು ಚೂರು ಒತ್ತುತ್ತಾ ಹೋಗುವುದು. ಒತ್ತಿದಷ್ಟೂ ಕೈಯನ್ನು ನಡುವಿನ ಕಡೆ ಬಿಡುತ್ತಾ ಬರುವುದು. ಕೊನೆಗೆ ಕೈ ಪೂರ್ತಿ ಬಿಟ್ಟಾಗ ಮೂಗು ಅಲ್ಲೇ ನಿಂತಿರಬೇಕು. ಮೂಗು ಮೇಲೆ, ಮೂಗು ಕೆಳಗೆ ಅಂತ ಎರಡು ಟ್ರಿಮ್ ಬಟನ್‌ಗಳನ್ನು ಸ್ಟಿಕ್ ಮೇಲೇ, ಹೆಬ್ಬೆರಳಿಗೆ ಎಟುಕುವಲ್ಲಿ ಹಾಕಿಕೊಡಿ. ಅವನು ಮೊದಲು ಗೊತ್ತುಮಾಡಿಕೊಳ್ಳಬೇಕಾದ ಬಟನ್‌ಗಳು ಇವೇ. ನೆಲಕ್ಕಿಳಿಯುವ ಚಕ್ರ, ಫ್ಲ್ಯಾಪ್ ಎಲ್ಲ ಆಮೇಲೆ.

ಕೂರುವ ಜಾಗವೂ ಮುಖ್ಯ. ಊಟದ ಮೇಜಿನ ಎತ್ತರದಲ್ಲಿ ಸ್ಟಿಕ್ ಇಟ್ಟರೆ ಭುಜ ಎತ್ತಿಕೊಂಡು ಕೂರಬೇಕಾಗುತ್ತದೆ. ಭುಜ ಬಿಗಿದರೆ ಬೆರಳೂ ಬಿಗಿಯುತ್ತದೆ, ನಾಣ್ಯದೊಳಗಿನ ನಯ ಹೋಯಿತು. ಮೊಣಕೈಗೆ ಆಸರೆ ಸಿಗುವ ಹಾಗೆ, ಕುರ್ಚಿಯ ಎಡಗಡೆ ಒಂದು ಗಟ್ಟಿ ಸ್ಟೂಲ್ ಹಾಕಿ ಅದರ ಮೇಲಿಡಿ. ಮುಷ್ಟಿಯಲ್ಲಿ ಅಮುಕಿ ಹಿಡಿಯುವುದು ಬೇಡ. ಹೆಬ್ಬೆರಳು, ತೋರುಬೆರಳು, ನಡುಬೆರಳು, ಮೂರೇ ಬೆರಳು ಸಾಕು. ರಂಗೋಲಿ ಎಳೆ ಬಿಡುವವರು ಎಷ್ಟು ಹಗುರಾಗಿ ಪುಡಿ ಹಿಡಿಯುತ್ತಾರೆ, ಹಾಗೆ.

ಪೈಲಟ್ ಆಗುವ ಮಾತು. ಮನೆಯಲ್ಲಿ ಸಿಮ್ಯುಲೇಟರ್ ಹಾರಿಸಿದ ಗಂಟೆಗಳು ಲೈಸೆನ್ಸಿನ ಲೆಕ್ಕಕ್ಕೆ ಬರುವುದಿಲ್ಲ. ನಮ್ಮ ದೇಶದಲ್ಲಿ ಲೈಸೆನ್ಸ್ ಕೊಡುವುದು ಡಿಜಿಸಿಎ. ವಿದ್ಯಾರ್ಥಿ ಪೈಲಟ್ ಲೈಸೆನ್ಸಿಗೆ 16 ವರ್ಷ ಆಗಿರಬೇಕು, ಕಮರ್ಷಿಯಲ್ ಲೈಸೆನ್ಸಿಗೆ 18 ತುಂಬಿರಬೇಕು, ಜೊತೆಗೆ 200 ಗಂಟೆ ಹಾರಾಟ ಬೇಕು. ಬೆಂಗಳೂರಿನ ಜಕ್ಕೂರಿನಲ್ಲಿ ಸರ್ಕಾರದ್ದೇ ವಿಮಾನ ತರಬೇತಿ ಶಾಲೆ ಇದೆ. ಒಂದು ರಜೆಯಲ್ಲಿ ಆ ಕಡೆ ಕರೆದುಕೊಂಡು ಹೋಗಿ, ಸಣ್ಣ ವಿಮಾನಗಳು ಏರುವುದು ಇಳಿಯುವುದನ್ನು ದೂರದಿಂದಲಾದರೂ ನೋಡಲಿ. ಅವನಿಗೆ ಇನ್ನೂ ಎರಡು ವರ್ಷ ಇದೆ. ಆ ಎರಡು ವರ್ಷದಲ್ಲಿ ಗಂಟೆ ಸೇರುವುದಿಲ್ಲ, ಅಭ್ಯಾಸ ಸೇರುತ್ತದೆ. ಕೆಟ್ಟ ಅಭ್ಯಾಸವೂ ಸೇರಬಹುದು, ಅದರಲ್ಲಿ ದೊಡ್ಡದು ಕಣ್ಣನ್ನು ಮೀಟರುಗಳಿಗೆ ಅಂಟಿಸಿಕೊಂಡು ಹಾರಿಸುವುದು. ಮನೆಯಲ್ಲಿ ಕಲಿತವರಲ್ಲಿ ಇದು ಬಹಳ ಜನಕ್ಕೆ ಇರುತ್ತದೆ. ಸೆಸ್ನಾ ಹಾರಿಸುವುದು ಕಿಟಕಿಯಾಚೆ ನೋಡಿ.

ಅದಕ್ಕೂ ಸ್ಟಿಕ್ಕಿನ ಮೇಲೆ ಒಂದು ಸಾಧನ ಇದೆ. ಹೆಬ್ಬೆರಳ ಕೆಳಗೆ ಪುಟ್ಟ ಟೋಪಿಯಂಥ ಗುಂಡಿ, ಹ್ಯಾಟ್ ಸ್ವಿಚ್ ಅಂತಾರೆ. ಎಡಕ್ಕೆ ಒತ್ತಿದರೆ ಎಡ ಕಿಟಕಿ, ಮೂಲೆಗೆ ಒತ್ತಿದರೆ ಹಿಂದಿನ ಮೂಲೆ ಕಾಣುವ ಹಾಗೆ ಹೊಂದಿಸಿಕೊಡಿ. ಆಮೇಲೆ ಈ ಪಾಠ ಕೊಡಿ. ರನ್‌ವೇಯನ್ನು ಎಡಗಡೆ ಇಟ್ಟುಕೊಂಡು, ಇಳಿಯುವ ದಿಕ್ಕಿಗೆ ಎದುರಾಗಿ, ರನ್‌ವೇಗೆ ಸಮಾಂತರವಾಗಿ ಹಾರಲಿ. ಹ್ಯಾಟ್ ಒತ್ತಿ ಎಡ ರೆಕ್ಕೆಯ ತುದಿ ನೋಡಲಿ. ಇಳಿಯಬೇಕಾದ ಕಡೆಯ ರನ್‌ವೇ ತುದಿ ರೆಕ್ಕೆಯನ್ನು ದಾಟಿ, ಹಿಂದಕ್ಕೆ 45 ಡಿಗ್ರಿ ಮೂಲೆಯಲ್ಲಿ ಕಂಡಾಗ ಎಡಕ್ಕೆ ತಿರುಗಲಿ. ಮ್ಯಾಪ್ ಬೇಡ, ಜಿಪಿಎಸ್ ಬೇಡ. ಕಣ್ಣಿನ ಅಳತೆಯಲ್ಲೇ ತಿರುಗಿ ಬಂದು, ರನ್‌ವೇ ನೇರ ಮುಂದೆ ಕಾಣುವ ಹಾಗೆ ಹತ್ತು ಸಲ ಮಾಡಲಿ. ನೀವು ಪಕ್ಕದಲ್ಲಿ ಕೂತು, ಕಿಟಕಿಯಲ್ಲಿ ಏನು ಕಾಣುತ್ತಿದೆ ಅಂತ ಅವನಿಂದಲೇ ಬಾಯಿಬಿಟ್ಟು ಹೇಳಿಸಿ.